ರಜೆ ಚೀಟಿಯಲ್ಲಿ ಬರೆಯಲಾಗದ ನೋವು

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ರಜೆ ಚೀಟಿಯ ಒಕ್ಕಣೆ ಬಾಯಿಪಾಠ. ‘ನಿನ್ನೆಯ ದಿನ ನನಗೆ ಹೊಟ್ಟೆನೋವು ಇದ್ದ ಕಾರಣ ಶಾಲೆಗೆ ಬರಲು ಆಗಲಿಲ್ಲ, ದಯವಿಟ್ಟು ಒಂದು ದಿನದ ರಜೆ ಕೊಡಬೇಕಾಗಿ ವಿನಂತಿ.’ ಹೊಟ್ಟೆನೋವಿನ ಜಾಗಕ್ಕೆ ಜ್ವರ ಬರಬಹುದು, ತಲೆನೋವು ಬರಬಹುದು, ಅಕ್ಕನ ಮದುವೆಯೋ ಊರ ಜಾತ್ರೆಯೋ ಬರಬಹುದು. ಬಾರದೇ ಇರುವುದು ಮನಸ್ಸು ಒಂದೇ. ‘ರಾತ್ರಿಯಿಡೀ ಅಪ್ಪ ಅವ್ವ ಜಗಳವಾಡಿದರು’ ಎಂದೋ, ‘ತರಗತಿಯಲ್ಲಿ ಎಲ್ಲರೂ ನನ್ನನ್ನು ಅಣಕಿಸುತ್ತಾರೆ’ ಎಂದೋ ಚೀಟಿ ಬರೆಯುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ಮಕ್ಕಳು ಮನಸ್ಸಿನ ನೋವನ್ನೂ ಹೊಟ್ಟೆಯ ಲೆಕ್ಕಕ್ಕೇ ಬರೆಯುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಮಕ್ಕಳಲ್ಲಿ ಆತಂಕವು ಹೊಟ್ಟೆನೋವಾಗಿ, ತಲೆನೋವಾಗಿ, ವಾಕರಿಕೆಯಾಗಿ ಕಾಣಿಸಿಕೊಳ್ಳುವುದನ್ನು ವೈದ್ಯರು ಬಲ್ಲರು. ನೋವು ನಿಜ, ವಿಳಾಸ ಮಾತ್ರ ಬೇರೆ. ಆ ನಿಜವಾದ ವಿಳಾಸವನ್ನು ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗೆ ಬೆಳಗಾವಿಯ ರವಿವಾರ ಪೇಟೆಯ ಮಗುವಿನ ಬಳಿಯೂ ಖಾನಾಪುರದ ಕಾಡಂಚಿನ ಮಗುವಿನ ಬಳಿಯೂ ಇಂದು ಉತ್ತರವಿಲ್ಲ. ಪ್ರತಿ ಶಾಲೆಗೂ ಅಂಕ ಕೊಡದ, ಶಿಕ್ಷೆ ಕೊಡದ, ಉಪದೇಶ ಮಾಡದ, ಆದರೆ ವಾರಕ್ಕೊಮ್ಮೆ ತಪ್ಪದೆ ಬಂದು ಕಿವಿಗೊಡುವ ಒಬ್ಬ ತರಬೇತಾದ ಹಿರಿಯರು ಬೇಕು, ಅಂಥವರನ್ನು ನಮ್ಮ ಊರುಗಳಿಂದಲೇ ಸ್ವಯಂಸೇವಕರಾಗಿ ಸಿದ್ಧಗೊಳಿಸಬಹುದು ಎಂಬುದು ಈ ಲೇಖನದ ವಾದ.

ಮೊದಲು ಮಕ್ಕಳು ಹೊತ್ತಿರುವ ಭಾರವನ್ನು ನೋಡೋಣ. ರವಿವಾರ ಪೇಟೆ ಸಗಟು ಕಿರಾಣಿ ವ್ಯಾಪಾರದ ಜಾಗ. ಇಂಥ ಪೇಟೆಯ ಸುತ್ತ ಅಂಗಡಿ ಮಾಲೀಕರ ಮಕ್ಕಳೂ ಇರುತ್ತಾರೆ, ಗುಮಾಸ್ತರ ಮಕ್ಕಳೂ ಹಮಾಲರ ಮಕ್ಕಳೂ ಇರುತ್ತಾರೆ. ಒಂದು ಮಗುವಿಗೆ ‘ಇಷ್ಟೆಲ್ಲ ಖರ್ಚು ಮಾಡಿ ಓದಿಸಾಕತ್ತೇವಿ’ ಎಂಬ ಮಾತಿನ ಭಾರ. ಇನ್ನೊಂದಕ್ಕೆ ಅಪ್ಪನ ಬೆನ್ನುನೋವು ಹೆಚ್ಚಾದರೆ ತನ್ನ ಶಾಲೆ ನಿಲ್ಲುತ್ತದೆಂಬ ಭಯ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ಗೆಳೆಯನ ಮನೆಯಲ್ಲಿ ಉರ್ದು, ಪುಸ್ತಕದಲ್ಲಿ ಇಂಗ್ಲಿಷ್ ಇರುವ ಈ ನಗರದಲ್ಲಿ ಮಗುವಿಗೆ ಮಾತುಗಳು ಅನೇಕ, ಮನಸ್ಸು ಬಿಚ್ಚುವ ಮಾತು ಒಂದೇ. ಖಾನಾಪುರದ ಕಡೆ ಕಥೆ ಬೇರೆ. ಇಟಗಿ, ಬೀಡಿಯ ಬಯಲು ಸೀಮೆಯಿಂದ ಜಾಂಬೋಟಿ, ಕಣಕುಂಬಿ, ಹೆಮ್ಮಡಗಾದ ದಟ್ಟ ಕಾಡಿನವರೆಗೆ ಹರಡಿದ ಈ ತಾಲ್ಲೂಕಿನಲ್ಲಿ ದುಡಿಮೆಗಾಗಿ ಗೋವಾಕ್ಕೆ ಹೋದ ತಂದೆ ತಾಯಿಯನ್ನು ಕಾಯುತ್ತ ಅಜ್ಜಿಯ ಬಳಿ ಬೆಳೆಯುವ ಮಕ್ಕಳಿದ್ದಾರೆ, ಊರಲ್ಲಿ ಪ್ರೌಢಶಾಲೆ ಇಲ್ಲದ್ದರಿಂದ ಎಳೆಯ ವಯಸ್ಸಿಗೇ ಹಾಸ್ಟೆಲ್ ಸೇರುವ ಮಕ್ಕಳಿದ್ದಾರೆ. ಭೀಮಗಡ ಅಭಯಾರಣ್ಯದೊಳಗಿನ ಹಳ್ಳಿಗಳಲ್ಲಿ ದೊಡ್ಡವರು ಸ್ಥಳಾಂತರದ ಮಾತನ್ನಾಡುವಾಗ ಮೂಲೆಯಲ್ಲಿ ಕುಳಿತು ಕೇಳಿಸಿಕೊಳ್ಳುವ ಮಕ್ಕಳೂ ಇದ್ದಾರೆ.

ಈ ಭಾರಕ್ಕೆ ಅಂಕಿಗಳೂ ಇವೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಯಾವುದಾದರೂ ಒಂದು ಮಾನಸಿಕ ಸಮಸ್ಯೆ ಇರುವುದನ್ನು ಗುರುತಿಸಿತು. ನಲವತ್ತು ಮಕ್ಕಳ ತರಗತಿಗೆ ಲೆಕ್ಕ ಹಾಕಿದರೆ ಸುಮಾರು ಮೂವರು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರು. ದಿನಕ್ಕೆ ಸರಾಸರಿ 35ಕ್ಕೂ ಹೆಚ್ಚು. ಆದರೆ ಕಾಯಿಲೆಯ ಹೆಸರು ಪಡೆದವರ ಅಥವಾ ಜೀವ ಕಳೆದುಕೊಂಡವರ ಲೆಕ್ಕ ಮಾತ್ರ ನಮ್ಮ ಚಿಂತೆಯಾಗಬಾರದು. ಯಾವ ಕಾಯಿಲೆಯೂ ಇಲ್ಲದೆ, ಬರೀ ‘ಟೆನ್ಶನ್’ ಎಂಬ ಒಂದೇ ಪದದಲ್ಲಿ ಭಯ, ಅವಮಾನ, ಒಂಟಿತನ ಎಲ್ಲವನ್ನೂ ತುಂಬಿಕೊಂಡು ಓಡಾಡುವ ಮಕ್ಕಳು ಇದಕ್ಕಿಂತ ಎಷ್ಟೋ ಹೆಚ್ಚು. ಅವರಿಗೆ ಬೇಕಾದದ್ದು ಔಷಧವೂ ಅಲ್ಲ, ಮನೋವೈದ್ಯರೂ ಅಲ್ಲ. ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕದ ಒಬ್ಬ ದೊಡ್ಡವರು ಬೇಕು.

ಮೊದಲ ಮೆಟ್ಟಿಲು ಇಲ್ಲದ ಏಣಿ

ಸರ್ಕಾರ ಏನೂ ಮಾಡಿಲ್ಲ ಎನ್ನುವುದು ಅನ್ಯಾಯದ ಮಾತು. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಕ್ಲಿನಿಕ್‌ಗಳು ಬಂದವು. 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮವು ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳೆಂದು ಕರೆದು, ಅವರು ಹೇಳಿಕೊಡಬೇಕಾದ 11 ವಿಷಯಗಳಲ್ಲಿ ಭಾವನಾತ್ಮಕ ಕ್ಷೇಮವನ್ನೂ ಸೇರಿಸಿತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಸಹಾಯವಾಣಿ ಬಂತು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ರಾಜ್ಯದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಸಿಕ್ಕಿದ್ದೂ ಒತ್ತಡ ಇಳಿಸುವ ಹೆಜ್ಜೆಯೇ. ಎಲ್ಲಕ್ಕಿಂತ ದೊಡ್ಡದು 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಆಂಧ್ರಪ್ರದೇಶದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ಅದು ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ 15 ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಒಬ್ಬರಾದರೂ ಇರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದಿತು.

ಇವೆಲ್ಲ ಏಣಿಯ ಮೇಲಿನ ಮೆಟ್ಟಿಲುಗಳು. ನಮ್ಮ ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲದಿರುವಾಗ ಅರ್ಹ ಸಮಾಲೋಚಕರು ಕಣಕುಂಬಿಯ ಮಳೆಯಲ್ಲಿ ಬಸ್ಸಿಳಿದು ಶಾಲೆಗೆ ನಡೆದು ಬರುವ ದಿನ ಬೇಗ ಬರಲಾರದು. ಪಶ್ಚಿಮ ಘಟ್ಟದ ಅಂಚಿನ ಚಿಕ್ಕ ಶಾಲೆಗಳಲ್ಲಿ ನೂರು ಮಕ್ಕಳೇ ಇರುವುದಿಲ್ಲ; ತೀರ್ಪಿನ ಪ್ರಕಾರ ಅವಕ್ಕೆ ಸಿಗುವುದು ಹೊರಗಿನ ಸಂಪರ್ಕ ಮಾತ್ರ. ಇನ್ನು ಸಹಾಯವಾಣಿಗೆ ಕರೆ ಮಾಡಲು ಮಗುವಿನ ಕೈಯಲ್ಲಿ ಫೋನ್ ಇರಬೇಕು, ಸಿಗ್ನಲ್ ಇರಬೇಕು, ಅವ್ವನ ಕಿವಿಗೆ ಬೀಳದ ಜಾಗ ಇರಬೇಕು. ಅದಕ್ಕೂ ಮೊದಲು ತನ್ನೊಳಗಿನದು ಹೇಳಿಕೊಳ್ಳಬಹುದಾದ ವಿಷಯ ಎಂದು ಮಗುವಿಗೇ ತಿಳಿದಿರಬೇಕು. ಈ ತಿಳಿವು ಭಿತ್ತಿಪತ್ರದಿಂದ ಬರುವುದಿಲ್ಲ, ಪರಿಚಯದ ಮುಖದಿಂದ ಬರುತ್ತದೆ. ಏಣಿಯಲ್ಲಿ ಇಲ್ಲದಿರುವುದು ನೆಲಕ್ಕೆ ತಾಗಿದ ಆ ಮೊದಲ ಮೆಟ್ಟಿಲು.

ಶಿಕ್ಷಕರು ಸಾಲರೇ?

ಆ ಮೆಟ್ಟಿಲು ಶಿಕ್ಷಕರೇ ಆಗಲಿ ಎಂಬುದು ಸಹಜವಾಗಿ ಬರುವ ಸಲಹೆ. ಒಳ್ಳೆಯ ಮಾಸ್ತರರು, ಅಕ್ಕೋರುಗಳು ಎಷ್ಟೋ ಮಕ್ಕಳನ್ನು ಹಿಡಿದು ನಿಲ್ಲಿಸಿದ್ದಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಲ್ಲಿ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಿಮ್ಹಾನ್ಸ್‌ನ ಡಾ. ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಅವರು ಶಿಕ್ಷಕರಿಗೆ ತರಬೇತಿ ಕೊಟ್ಟು ಜೀವನ ಕೌಶಲ ಶಿಕ್ಷಣವನ್ನು ಶಾಲೆಗಳಿಗೆ ಒಯ್ದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಈ ಶಿಕ್ಷಣ ಪಡೆದ 605 ಮಕ್ಕಳನ್ನು, ಪಡೆಯದ 423 ಮಕ್ಕಳೊಂದಿಗೆ ಹೋಲಿಸಲಾಯಿತು. ಪಡೆದವರಲ್ಲಿ ಆತ್ಮಗೌರವವೂ ಹೊಂದಾಣಿಕೆಯೂ ಹೆಚ್ಚಿದ್ದವು. ಇನ್ನೊಂದು, ಗೋವಾದ ಸಂಗಾತ್ ಸಂಸ್ಥೆ ಬಿಹಾರದ ನಾಲಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ನಡೆಸಿದ ‘ಸೆಹರ್’ ಪ್ರಯೋಗ. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದರು, ಕೆಲವದರಲ್ಲಿ ‘ಸೆಹರ್ ಮಿತ್ರ’ ಎಂಬ ಹೊರಗಿನ ಸಾಮಾನ್ಯ ವ್ಯಕ್ತಿ ನಡೆಸಿದರು. ಮಿತ್ರರಲ್ಲಿ ಯಾರೂ ಮನಶ್ಶಾಸ್ತ್ರಜ್ಞರಾಗಿರಲಿಲ್ಲ. ಅಲ್ಪಾವಧಿಯ ತರಬೇತಿ ಪಡೆದವರು. ಕಾರ್ಯಕ್ರಮದಲ್ಲಿ ಪ್ರಾರ್ಥನಾ ಸಮಯದ ಚರ್ಚೆ, ಗೋಡೆ ಪತ್ರಿಕೆ, ಮಕ್ಕಳು ಹೆಸರು ಹಾಕದೆಯೂ ದೂರು ಬರೆದು ಹಾಕಬಹುದಾದ ಪೆಟ್ಟಿಗೆ, ಬೇಕೆಂದವರಿಗೆ ಒಬ್ಬೊಬ್ಬರಾಗಿ ಮಾತನಾಡುವ ಅವಕಾಶ ಇದ್ದವು. 2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಮಿತ್ರರಿದ್ದ ಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸಿತ್ತು, ಖಿನ್ನತೆಯ ಲಕ್ಷಣಗಳು, ಪೀಡನೆ, ಹೊಡೆದಾಟ ಕಡಿಮೆಯಾಗಿದ್ದವು. ಎರಡನೆಯ ವರ್ಷದ ಕೊನೆಗೆ ಆ ಸುಧಾರಣೆ ಇನ್ನಷ್ಟು ಹೆಚ್ಚಿತ್ತು. ಅದೇ ಕಾರ್ಯಕ್ರಮವನ್ನು ಶಿಕ್ಷಕರೇ ನಡೆಸಿದ ಶಾಲೆಗಳಲ್ಲಿ ಗುರುತಿಸಬಹುದಾದ ಬದಲಾವಣೆ ಕಾಣಲಿಲ್ಲ.

ಈ ಎರಡು ಫಲಿತಾಂಶಗಳು ಒಂದಕ್ಕೊಂದು ಎದುರು ನಿಂತಂತೆ ಕಾಣುತ್ತವೆ. ನನ್ನ ಓದಿನಲ್ಲಿ ಅವು ಒಂದನ್ನೊಂದು ಪೂರ್ಣಗೊಳಿಸುತ್ತವೆ. ಜೀವನ ಕೌಶಲ ಒಂದು ಪಾಠ. ಚಟುವಟಿಕೆ ಮಾಡಿಸಿ, ಗುಂಪಿನಲ್ಲಿ ಮಾತನಾಡಿಸಿ ಕಲಿಸುವ ಕೆಲಸದಲ್ಲಿ ಶಿಕ್ಷಕರಿಗಿಂತ ನುರಿತವರು ಯಾರು? ಆದರೆ ಒಂದು ಮಗು ತನ್ನ ಅವಮಾನವನ್ನು ಬಿಚ್ಚಿಡುವುದು ಪಾಠವಲ್ಲ. ಗಣಿತದಲ್ಲಿ ನಾಪಾಸು ಮಾಡಬಲ್ಲವರ ಮುಂದೆ ಗಣಿತದ ಭಯ ಹೇಳುವುದು ಹೇಗೆ? ಪಾಲಕರ ಸಭೆಯಲ್ಲಿ ಅಪ್ಪನ ಎದುರು ಕೂರುವವರ ಮುಂದೆ ಅಪ್ಪನ ಕುಡಿತದ ಮಾತೆತ್ತುವುದು ಹೇಗೆ? ಹೊಡೆದ ಕೈಯ ಬಗ್ಗೆ ಪಕ್ಕದ ಕೋಣೆಯ ಸಹೋದ್ಯೋಗಿಗೆ ದೂರುವುದು ಹೇಗೆ? ಶಿಕ್ಷಕರ ಒಳ್ಳೆಯತನಕ್ಕೂ ಇದಕ್ಕೂ ಸಂಬಂಧವಿಲ್ಲ, ಅವರು ಕುಳಿತ ಕುರ್ಚಿಯೇ ಅಂಥದು. ಮೇಲಾಗಿ ಬಿಸಿಯೂಟದ ಲೆಕ್ಕ, ದಾಖಲಾತಿಯ ಆನ್‌ಲೈನ್ ಕೆಲಸ, ಚುನಾವಣಾ ಕರ್ತವ್ಯಗಳ ನಡುವೆ ಅವರಿಗೆ ಒಂದು ಮಗುವಿನ ಎದುರು ಅರ್ಧ ಗಂಟೆ ಸುಮ್ಮನೆ ಕೂರುವ ಬಿಡುವೂ ಇಲ್ಲ.

ಪಾದ್ರಿಯ ಕೋಣೆಯ ಹೊರಗಿನ ಬೆಂಚು

ಹೊರದೇಶಗಳಲ್ಲಿ ಈ ಜಾಗ ತುಂಬಲು ಹುಟ್ಟಿಕೊಂಡವರು ಚಾಪ್ಲಿನ್‌ಗಳು. ಸೇನೆ, ಸೆರೆಮನೆ, ಆಸ್ಪತ್ರೆಗಳಲ್ಲಿ ಜನರ ಜೊತೆಗಿದ್ದು ಧೈರ್ಯ ಹೇಳುವ ಧರ್ಮಗುರುಗಳು ಇವರು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಗೆ ಈ ಕಲ್ಪನೆ ಹೊಸದಲ್ಲ. ನಮ್ಮ ಸೇನೆಯಲ್ಲಿಯೂ ಧರ್ಮಗುರು ಎಂಬ ಹುದ್ದೆಯಿದೆ, ಆಸ್ಪತ್ರೆಯಲ್ಲಿರುವ ಸೈನಿಕರನ್ನು ಕಂಡು ಮಾತನಾಡಿಸುವುದು ಅವರ ಕರ್ತವ್ಯಗಳಲ್ಲೊಂದು. ಆದರೆ ಚಾಪ್ಲಿನ್ ಪರಂಪರೆಯಿಂದ ನಾವು ಕಲಿಯಬೇಕಾದ ಪಾಠ ಧರ್ಮದ್ದಲ್ಲ. ಅದು ಚಾಡ್ ವಾರಾ ಎಂಬ ಇಂಗ್ಲಿಷ್ ಪಾದ್ರಿಯ ಜೀವನದಲ್ಲಿದೆ. 1935ರಲ್ಲಿ ಕಿರಿಯ ಪಾದ್ರಿಯಾಗಿ ಅವರು ನಡೆಸಿದ ಮೊದಲ ಅಂತ್ಯಸಂಸ್ಕಾರ ಒಬ್ಬ ಹದಿಹರೆಯದ ಹುಡುಗಿಯದು. ತಾನು ದೊಡ್ಡವಳಾದುದನ್ನು ಯಾವುದೋ ಕಾಯಿಲೆಯೆಂದು ಹೆದರಿ ಅವಳು ಜೀವ ಕಳೆದುಕೊಂಡಿದ್ದಳು. ಕೇಳಲು ಅವಳಿಗೆ ಯಾರೂ ಇರಲಿಲ್ಲ. ಆ ನೆನಪನ್ನು ಹೊತ್ತೇ ವಾರಾ 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ಸಂಕಟದಲ್ಲಿರುವವರಿಗಾಗಿ ಫೋನ್ ಸೇವೆ ಆರಂಭಿಸಿದರು. ಅದೇ ಮುಂದೆ ಸಮಾರಿಟನ್ಸ್ ಎಂದು ಹೆಸರಾಯಿತು. ಪಾದ್ರಿಯನ್ನು ಕಾಣಲು ಬಂದವರು ಹೊರಗೆ ಕಾಯುವಾಗ ಸ್ವಯಂಸೇವಕರು ಅವರಿಗೆ ಚಹಾ ಕೊಟ್ಟು ಮಾತಿಗೆ ಕೂರುತ್ತಿದ್ದರು. ಕೆಲವೇ ದಿನಗಳಲ್ಲಿ ವಾರಾಗೆ ಒಂದು ಸಂಗತಿ ಹೊಳೆಯಿತು. ಬಹಳ ಜನ ಆ ಬೆಂಚಿನ ಮೇಲೆಯೇ ಮನಸ್ಸು ಹಗುರಮಾಡಿಕೊಂಡು, ಪಾದ್ರಿಯನ್ನು ಕಾಣದೆಯೇ ಹಿಂದಿರುಗುತ್ತಿದ್ದರು. 1954ರ ಫೆಬ್ರುವರಿಯಲ್ಲಿ ಅವರು ಕೇಳಿಸಿಕೊಳ್ಳುವ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿಬಿಟ್ಟರು. ಜನರನ್ನು ಹಗುರಗೊಳಿಸಿದ್ದು ಪಾದ್ರಿಯ ಪದವಿಯಲ್ಲ, ಆತುರವಿಲ್ಲದ ಕಿವಿ.

ಈ ಕಿವಿಯ ಪರಂಪರೆ ನಮ್ಮಲ್ಲಿಯೂ ಇತ್ತು. ಬೆಳಗಾವಿಯಲ್ಲಿ ನಾಗನೂರು ಶಿವಬಸವ ಸ್ವಾಮೀಜಿ ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದ ನಿಲಯ ನಡೆಸಿದಾಗ ಹಳ್ಳಿಯಿಂದ ಬಂದ ಹುಡುಗನಿಗೆ ಸಿಕ್ಕಿದ್ದು ಎರಡು ಹೊತ್ತಿನ ಊಟವಷ್ಟೇ ಅಲ್ಲ, ‘ಯಾಕೋ ತಮ್ಮಾ, ಸಪ್ಪಗದೀ’ ಎಂದು ಕೇಳುವ ನೆರಳೂ ಹೌದು. ಅವಿಭಕ್ತ ಕುಟುಂಬದ ಅಜ್ಜಿಗೂ ಓಣಿಯ ಹಿರಿಯರಿಗೂ ಇದೇ ಪಾತ್ರವಿತ್ತು. ಇತ್ತೀಚಿನ ಕರ್ನಾಟಕ ಆ ಪರಂಪರೆಗೆ ಶಾಸ್ತ್ರದ ಬಲವನ್ನೂ ಕೊಟ್ಟಿದೆ. ಮಾನಸಿಕ ಆರೋಗ್ಯದ ಆರೈಕೆಯನ್ನು ತಜ್ಞರಲ್ಲದವರಿಗೆ ಕಲಿಸಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ನಿಮ್ಹಾನ್ಸ್‌ನ ಬಳ್ಳಾರಿ ಪ್ರಯೋಗ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ತರಬೇತಿ ಪಡೆದು ಈ ಕೆಲಸ ಮಾಡಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನೂರಾರು ಕನ್ನಡ ಪುಸ್ತಕಗಳಿಂದ ಮನೆಮಾತಾದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಬೆಂಗಳೂರಿನ ತಮ್ಮ ಸಮಾಧಾನ ಕೇಂದ್ರದಲ್ಲಿ ಸಾಮಾನ್ಯ ಜನರಿಗೇ ಆಪ್ತ ಸಮಾಲೋಚನೆಯ ತರಬೇತಿ ಕೊಡುತ್ತ ಬಂದರು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯೂ ನಿಮ್ಹಾನ್ಸೂ ಕೂಡಿ ಕಟ್ಟಿದ ಯುವ ಸ್ಪಂದನ ಯೋಜನೆ ಜಿಲ್ಲೆ ಜಿಲ್ಲೆಯಲ್ಲೂ ಸ್ಥಳೀಯ ಯುವಕ ಯುವತಿಯರನ್ನು ಯುವ ಪರಿವರ್ತಕರನ್ನಾಗಿ ಸಿದ್ಧಪಡಿಸಿತು. ಹಾಗಿರುವಾಗ ಶಾಲೆಗೂ ಅಂಥವರನ್ನು ಕಳಿಸುವುದು ನಾವು ಹಿಡಿದ ದಾರಿಯಲ್ಲೇ ಇನ್ನೊಂದು ಹೆಜ್ಜೆ. ‘ಆಪ್ತ ಸಮಾಲೋಚಕ’ ಎಂಬ ಜೋಡಿ ಪದದಲ್ಲಿ ಸಮಾಲೋಚನೆಯನ್ನು ಅರ್ಹತೆಯುಳ್ಳ ತಜ್ಞರಿಗೇ ಬಿಡೋಣ, ‘ಆಪ್ತ’ವನ್ನಷ್ಟೇ ಎತ್ತಿಕೊಂಡು ಈ ಸ್ವಯಂಸೇವಕರನ್ನು ಶಾಲೆಯ ಆಪ್ತರು ಎಂದು ಕರೆಯೋಣ.

ಆಕ್ಷೇಪಗಳು ಹಗುರವಲ್ಲ

ಅರೆಬರೆ ಕಲಿತವರ ಕೈಗೆ ಮಕ್ಕಳ ಮನಸ್ಸು ಕೊಡುವುದು ಅಪಾಯ ಎಂಬುದು ಮೊದಲ ಆಕ್ಷೇಪ. ನಿಜ, ಒಂದು ತಪ್ಪು ಮಾತು ಗಾಯವನ್ನು ಹಿರಿದಾಗಿಸಬಹುದು. ಅದಕ್ಕೇ ಆಪ್ತರ ಕೆಲಸದಲ್ಲಿ ಏನು ಮಾಡಬೇಕು ಎನ್ನುವುದಕ್ಕಿಂತ ಏನು ಮಾಡಬಾರದು ಎಂಬ ಪಾಠ ಉದ್ದವಿರಬೇಕು. ಕಾಯಿಲೆಯ ಹೆಸರಿಡಬಾರದು, ಔಷಧದ ಮಾತೆತ್ತಬಾರದು, ಹೋಲಿಸಬಾರದು, ‘ಇಷ್ಟಕ್ಕೆಲ್ಲ ಅಳ್ತಾರೇನು’ ಎನ್ನಬಾರದು, ಬಿಡಿಸಲಾಗದ್ದನ್ನು ಬಿಡಿಸುತ್ತೇನೆಂದು ಮಾತು ಕೊಡಬಾರದು. ಕೇಳುವುದು, ಮಗು ತನ್ನ ಸಮಸ್ಯೆಯನ್ನು ಬಿಡಿಬಿಡಿಯಾಗಿ ನೋಡಲು ನೆರವಾಗುವುದು, ಮೇಲಿನ ಮೆಟ್ಟಿಲಿಗೆ ಕೈಹಿಡಿದು ಹತ್ತಿಸುವುದು: ಇಷ್ಟೇ ಅವರ ಕೆಲಸ. ಇಷ್ಟೇ ಎಂದರೂ ಇದು ಕಡಿಮೆಯಲ್ಲ. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡಾ 2006ರಲ್ಲಿ ಅಜ್ಜಿಯರಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರದ ಅಂಗಳದ ಬೆಂಚಿನ ಮೇಲೆ ಕೂರಿಸಿದರು. ‘ಖಿನ್ನತೆ’ ಎಂಬ ವೈದ್ಯರ ಪದದ ಬದಲು ‘ಅತಿಯಾಗಿ ಯೋಚಿಸುವುದು’ ಎಂಬ ಅಲ್ಲಿನ ಶೋನಾ ಭಾಷೆಯ ಮಾತನ್ನೇ ಅವರು ಬಳಸಿದರು. ನಮ್ಮ ಕಡೆ ‘ಮನಸಿಗೆ ಹಚ್ಚಿಕೊಳ್ಳೋದು’ ಎನ್ನುತ್ತೇವಲ್ಲ, ಹಾಗೆ. ಹರಾರೆಯ 24 ಕೇಂದ್ರಗಳಲ್ಲಿ 573 ವಯಸ್ಕರನ್ನು ಒಳಗೊಂಡ ಪ್ರಯೋಗದ ಫಲಿತಾಂಶ 2016ರಲ್ಲಿ ಬಂದಾಗ, ತುಸು ಸುಧಾರಿಸಿದ ಎಂದಿನ ಚಿಕಿತ್ಸೆಯನ್ನು ಪಡೆದವರಿಗಿಂತ ಅಜ್ಜಿಯರ ಬಳಿ ಕೂತವರು ಹೆಚ್ಚು ಚೇತರಿಸಿಕೊಂಡಿದ್ದರು. ಆದರೆ ಆ ಅಜ್ಜಿಯರ ಹಿಂದೆ ಮೇಲ್ವಿಚಾರಕರಿದ್ದರು, ಅವರ ಹಿಂದೆ ತಜ್ಞರಿದ್ದರು. ಮೇಲ್ವಿಚಾರಣೆ ಇಲ್ಲದೆ ಒಬ್ಬ ಆಪ್ತರನ್ನೂ ಶಾಲೆಯೊಳಗೆ ಬಿಡಬಾರದು.

ಇದರ ನೆರೆಯಲ್ಲೇ ಇನ್ನೊಂದು ಆಕ್ಷೇಪವಿದೆ. ಮನಸ್ಸಿನ ಬಗ್ಗೆ ಅತಿಯಾಗಿ ಮಾತನಾಡಿಸಿದರೆ ಇಲ್ಲದ ಚಿಂತೆಯನ್ನು ಹುಟ್ಟಿಸಿದಂತೆ ಆಗುವುದಿಲ್ಲವೇ? ಈ ಮಾತಿಗೂ ಆಧಾರವಿದೆ. ಬ್ರಿಟನ್ನಿನ 84 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ತರಗತಿಯಲ್ಲಿ ಹೇಳಿಕೊಡುವ ಧ್ಯಾನಪರ ಅರಿವಿನ ಪಾಠವನ್ನು ಪರೀಕ್ಷಿಸಿದ ದೊಡ್ಡ ಪ್ರಯೋಗದಿಂದ ನಿರೀಕ್ಷಿಸಿದ ಪ್ರಯೋಜನ ಸಿಗಲಿಲ್ಲವೆಂದು 2022ರಲ್ಲಿ ಪ್ರಕಟವಾಯಿತು. ಹಸಿದವರಿಗೂ ಹೊಟ್ಟೆ ತುಂಬಿದವರಿಗೂ ಒಂದೇ ತುತ್ತು ಬಡಿಸಿದರೆ ಹೀಗೇ ಆಗುತ್ತದೆ. ಆಪ್ತರು ಇಡೀ ತರಗತಿಗೆ ಭಾಷಣ ಮಾಡುವವರಲ್ಲ. ಅವರು ಬಾಗಿಲು ತೆರೆದು ಕೂರುವವರು. ಒಳಗೆ ಬರುವುದೂ ಬಾರದಿರುವುದೂ ಮಗುವಿನ ಇಷ್ಟ. ‘ನಮ್ಮ ಕಾಲದಾಗ ಇದೆಲ್ಲ ಇತ್ತೇನು, ನಾವು ಬೆಳೀಲಿಲ್ಲೇನು’ ಎಂದು ಕೇಳುವ ಹಿರಿಯರಿಗೂ ಉತ್ತರ ಇಲ್ಲೇ ಇದೆ. ಆ ಕಾಲದಲ್ಲಿ ಕಟ್ಟೆಯ ಮೇಲೆ ಅಜ್ಜಿ ಇದ್ದಳು, ಬಾವಿಯ ಹತ್ತಿರ ಅತ್ತಿಗೆ ಇದ್ದಳು, ಸಂಜೆಗೆ ಬಯಲಿತ್ತು. ಅವೆಲ್ಲ ಇದ್ದೂ ಯಾರಿಗೂ ಹೇಳಲಾಗದೆ ಮುರಿದುಹೋದವರ ಕಥೆ ನಮಗೆ ಕೇಳಿಸಿಲ್ಲ, ಏಕೆಂದರೆ ಅದನ್ನು ಹೇಳಲು ಅವರೇ ಉಳಿದಿಲ್ಲ.

ಮೂರನೆಯದು ಧರ್ಮದ ಪ್ರಶ್ನೆ, ನಮ್ಮ ನಾಡಿನಲ್ಲಿ ಅತಿ ಸೂಕ್ಷ್ಮವಾದದ್ದು. ಸಂಕಟದಲ್ಲಿರುವ ಮಗು ಎಲ್ಲಕ್ಕಿಂತ ಸುಲಭವಾಗಿ ಒಲಿಸಬಹುದಾದ ಜೀವ. ಕಿವಿಗೊಡುವ ನೆಪದಲ್ಲಿ ಯಾರೂ ಅಲ್ಲಿ ತಮ್ಮ ದೇವರನ್ನು, ತಮ್ಮ ಪಕ್ಷವನ್ನು, ತಮ್ಮ ಭಾಷಾಭಿಮಾನವನ್ನು ಬಿತ್ತಬಾರದು. ಧರ್ಮದ ಮಟ್ಟಿಗೆ ಸಂವಿಧಾನದ 28ನೆಯ ವಿಧಿ ಇದನ್ನು ಸ್ಪಷ್ಟಪಡಿಸಿದೆ. ಪೂರ್ತಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಮಗುವಿನ ಪಾಲಕರ ಒಪ್ಪಿಗೆ ಇಲ್ಲದೆ ಕಡ್ಡಾಯ ಮಾಡಕೂಡದು. ಆಸ್ಟ್ರೇಲಿಯಾದ ಅನುಭವ ಇಲ್ಲಿ ಕಣ್ತೆರೆಸುವಂಥದು. 2006ರಲ್ಲಿ ಅಲ್ಲಿನ ಪ್ರಧಾನಿ ಜಾನ್ ಹೊವಾರ್ಡ್ ಶಾಲಾ ಚಾಪ್ಲಿನ್ ಯೋಜನೆ ಘೋಷಿಸಿದರು. ಧರ್ಮಪ್ರಚಾರ ಮಾಡಬಾರದೆಂಬ ನಿಯಮವಿದ್ದರೂ ವಿವಾದ ತಪ್ಪಲಿಲ್ಲ. 2012ರಲ್ಲಿ, ಮತ್ತೆ 2014ರಲ್ಲಿ ಅಲ್ಲಿನ ಹೈಕೋರ್ಟು ಆ ಯೋಜನೆಗೆ ಕೇಂದ್ರ ಸರ್ಕಾರ ಹಣ ಕೊಟ್ಟ ರೀತಿಯನ್ನು ಅಸಿಂಧುಗೊಳಿಸಿತು. ಕೊನೆಗೆ 2023ರಲ್ಲಿ ಯೋಜನೆಯ ಹೆಸರೇ ಬದಲಾಗಿ, ಚಾಪ್ಲಿನ್ ಬೇಕೋ ಧರ್ಮದ ನಂಟಿಲ್ಲದ ಕ್ಷೇಮಾಧಿಕಾರಿ ಬೇಕೋ ಎಂಬ ಆಯ್ಕೆಯನ್ನು ಶಾಲೆಗಳಿಗೆ ಬಿಡಲಾಯಿತು. ಆ ಸುತ್ತು ದಾರಿಯನ್ನು ನಾವು ಮತ್ತೆ ನಡೆಯಬೇಕಿಲ್ಲ. ಮಠದವರು, ಚರ್ಚಿನವರು, ಮಸೀದಿಯ ಹಿರಿಯರು ಆಪ್ತರಾಗಬಾರದೆಂದು ನಾನು ಹೇಳುತ್ತಿಲ್ಲ. ಆ ಕೋಣೆಗೆ ಬರುವಾಗ ಅವರು ಉಪದೇಶವನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರಬೇಕು. ಮಗು ತಾನಾಗಿ ದೇವರ ಮಾತೆತ್ತಿದರೆ ಅದರ ದೇವರ ಮಾತನ್ನು ಕೇಳಬೇಕು, ತಮ್ಮದನ್ನು ಹೇಳಬಾರದು.

ನಾಲ್ಕನೆಯ ಆಕ್ಷೇಪಕ್ಕೆ ಉತ್ತರಿಸದೆ ಈ ಯೋಜನೆಯನ್ನು ಆರಂಭಿಸುವಂತೆಯೇ ಇಲ್ಲ. ಹೊರಗಿನವರನ್ನು ಮಕ್ಕಳ ಬಳಿ ಕಳಿಸಿ, ಗುಟ್ಟು ಕಾಪಾಡುವ ಮಾತು ಕೊಟ್ಟರೆ ದುರುಳರಿಗೆ ಬಾಗಿಲು ತೆರೆದಂತಲ್ಲವೇ? ಪೊಲೀಸ್ ಪರಿಶೀಲನೆ ಆಗದವರು ಶಾಲೆಯ ಗೇಟು ದಾಟಬಾರದು. ಮಾತು ಕೇಳಿಸದ, ಆದರೆ ಎಲ್ಲರಿಗೂ ಕಾಣಿಸುವ ಜಾಗದಲ್ಲೇ ಕೂರಬೇಕು. ಬೇವಿನ ಮರದ ಕಟ್ಟೆಯೂ ಆದೀತು, ಬಾಗಿಲು ತೆರೆದ ಗ್ರಂಥಾಲಯವೂ ಆದೀತು. ಶಾಲೆಯ ಹೊರಗೆ ಭೇಟಿ ಇಲ್ಲ, ಫೋನ್ ನಂಬರ್ ವಿನಿಮಯ ಇಲ್ಲ, ಉಡುಗೊರೆ ಇಲ್ಲ. ಗುಟ್ಟಿಗೂ ಒಂದು ಗಡಿಯಿದೆ, ಅದನ್ನು ಮೊದಲ ದಿನವೇ ಮಗುವಿಗೆ ತಿಳಿಸಬೇಕು. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾದುದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಜೀವಕ್ಕೆ ಅಪಾಯವಿರುವ ಮಾತು ಬಂದಾಗಲೂ ಅಷ್ಟೇ, ಆ ಹೊತ್ತಿಗೆ ಮಗುವನ್ನು ಒಂಟಿಯಾಗಿ ಬಿಡದೆ ಮನೆಯವರಿಗೆ, ತಜ್ಞರಿಗೆ ತಲುಪಿಸಬೇಕು. ‘ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆದರೆ ನಿನಗೆ ಅಪಾಯವಿದೆ ಎನಿಸಿದರೆ ನಿನಗೆ ತಿಳಿಸಿಯೇ ಹೇಳುತ್ತೇನೆ’ ಎಂಬ ನೇರ ಮಾತನ್ನು ಮಕ್ಕಳು ಅರ್ಥಮಾಡಿಕೊಳ್ಳಬಲ್ಲರು.

ಕೊನೆಯ ಆಕ್ಷೇಪ ಸರ್ಕಾರದ ಹೊಣೆಯದು. ಸ್ವಯಂಸೇವಕರು ಸಿಕ್ಕರೆಂದು ಸರ್ಕಾರ ಸಮಾಲೋಚಕರ ನೇಮಕವನ್ನೇ ಕೈಬಿಟ್ಟರೆ? ಈ ಭಯ ಸಕಾರಣ. ಆಶಾ ಕಾರ್ಯಕರ್ತೆಯರನ್ನು ಸ್ವಯಂಸೇವಕಿಯರೆಂದು ಕರೆದು ಆರೋಗ್ಯ ವ್ಯವಸ್ಥೆಯ ದೊಡ್ಡ ಹೊರೆಯನ್ನೇ ಅವರ ಹೆಗಲಿಗೆ ಹೊರಿಸಿದ ನಾಡು ಇದು. ಗೌರವಧನಕ್ಕಾಗಿ ಅವರು ಮತ್ತೆ ಮತ್ತೆ ಬೀದಿಗಿಳಿಯುವುದನ್ನು ನೋಡುತ್ತಲೇ ಇದ್ದೇವೆ. ನಾಲಂದಾದ ಮಿತ್ರರೂ ಪುಕ್ಕಟೆ ದುಡಿದವರಲ್ಲ, ಸಂಬಳ ಪಡೆದು ಪೂರ್ಣಾವಧಿ ಕೆಲಸ ಮಾಡಿದವರು; ಅವರ ಫಲಿತಾಂಶವನ್ನು ವಾರಕ್ಕೊಮ್ಮೆಯ ಸೇವೆಯಿಂದ ಹಾಗೆಯೇ ನಿರೀಕ್ಷಿಸುವುದು ಪ್ರಾಮಾಣಿಕವಲ್ಲ. ಆಪ್ತರನ್ನು ತಜ್ಞರ ಬದಲಿಗೆ ಅಲ್ಲ, ತಜ್ಞರ ದಾರಿಯ ಮೊದಲಿಗೆ ಇಡಬೇಕು. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಸಮಾಲೋಚಕರ ನೇಮಕ ಆಗಲೇಬೇಕು. ಒಬ್ಬ ಸಮಾಲೋಚಕರ ಕೈಕೆಳಗೆ ಹತ್ತಾರು ಆಪ್ತರಿದ್ದರೆ ಅವರ ಅರಿವು ಅಷ್ಟೂ ಶಾಲೆಗಳಿಗೆ ಹಬ್ಬುತ್ತದೆ. ಆಪ್ತರ ಬಸ್ ಖರ್ಚು, ತರಬೇತಿಯ ದಿನದ ಭತ್ಯೆ ಸರ್ಕಾರದ್ದೇ ಆಗಬೇಕು. ಸೇವೆ ಮನಸಾರೆ ಇರಲಿ, ಕೈಯಿಂದ ಹಣ ಹಾಕುವ ಶಿಕ್ಷೆ ಆಗದಿರಲಿ.

ಪೇಟೆಯಿಂದ ಘಟ್ಟದವರೆಗೆ

ಇದನ್ನು ಎಲ್ಲಿಂದ ಆರಂಭಿಸಬಹುದು? 1916ರಲ್ಲಿ ಏಳು ಜನ ಶಿಕ್ಷಕರು ಸೇರಿ ಕೆಎಲ್ಇ ಸಂಸ್ಥೆ ಕಟ್ಟಿದ ಊರು ಬೆಳಗಾವಿ. ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್ ಇದೆ, ಖಾಸಗಿ ವೈದ್ಯಕೀಯ ಕಾಲೇಜೂ ಇದೆ, ಸಮಾಜ ಕಾರ್ಯ ಓದುವ ವಿದ್ಯಾರ್ಥಿಗಳಿದ್ದಾರೆ. ತರಬೇತಿ ಮತ್ತು ಮೇಲ್ವಿಚಾರಣೆಗೆ ಬೇಕಾದ ತಜ್ಞರು ನಗರದಲ್ಲಿ ಸಿಗುತ್ತಾರೆ. ರವಿವಾರ ಪೇಟೆಯ ಸುತ್ತಲಿನ ಗಲ್ಲಿಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರು, ನರ್ಸುಗಳು, ಮಗನಿಗೆ ಅಂಗಡಿ ಬಿಟ್ಟುಕೊಟ್ಟು ಮಧ್ಯಾಹ್ನಗಳನ್ನು ಹೇಗೆ ಕಳೆಯುವುದೆಂದು ತಿಳಿಯದ ವ್ಯಾಪಾರಿಗಳಿದ್ದಾರೆ. ಅವರಲ್ಲಿ ತಜ್ಞರಲ್ಲಿಯೂ ಅಪರೂಪವಾದ ಒಂದು ಗುಣವಿದೆ. ಗಿರಾಕಿಯೊಡನೆ ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಉರ್ದುವಿಗೆ ಉಸಿರಾಡಿದಷ್ಟು ಸಲೀಸಾಗಿ ಹೊರಳುತ್ತಾರೆ. ಮಗು ಯಾವ ಭಾಷೆಯಲ್ಲಿ ಅಳುತ್ತದೋ ಆ ಭಾಷೆಯಲ್ಲಿ ಕೇಳಿಸಿಕೊಳ್ಳುವವರು ಇಂಥವರೇ. ಖಾನಾಪುರದ ಪೂರ್ವದ ಹಳ್ಳಿಗಳಿಗೆ ಕನ್ನಡದವರು, ಪಶ್ಚಿಮಕ್ಕೆ ಮರಾಠಿ ಕೊಂಕಣಿ ಬಲ್ಲವರು ಬೇಕು. ಆದರೆ ಅದೇ ಊರಿನವರಾಗಿರದೆ ಎರಡು ಊರಾಚೆಯವರಾಗಿರಬೇಕು, ಏಕೆಂದರೆ ಚಿಕ್ಕ ಊರಲ್ಲಿ ಗುಟ್ಟು ಸಂಜೆಯೊಳಗೆ ಓಣಿ ತಿರುಗುತ್ತದೆ. ಹೆಣ್ಣುಮಕ್ಕಳಿಗೆ ಮಹಿಳೆಯರೇ ಇರುವುದು ಒಳ್ಳೆಯದು. ಮಳೆಗಾಲದಲ್ಲಿ ಘಟ್ಟದ ಶಾಲೆಗಳಿಗೆ ಹೋಗಲಾಗದ ವಾರಗಳಿಗೆ ಮೊದಲೇ ವ್ಯವಸ್ಥೆ ಮಾಡಿಟ್ಟುಕೊಳ್ಳಬೇಕು. ಮೊದಲ ವರ್ಷಕ್ಕೆ ಪೇಟೆಯ ನಾಲ್ಕು, ಖಾನಾಪುರದ ನಾಲ್ಕು ಶಾಲೆಗಳು ಸಾಕು. ಏನಾಯಿತೆಂದು ಅಳೆದು ನೋಡಿ ಮುಂದುವರಿಯಬಹುದು, ತಪ್ಪಿದ್ದರೆ ತಿದ್ದಿಕೊಳ್ಳಬಹುದು.

ಆಪ್ತರಾಗಲು ಮುಂದೆ ಬರುವವರಿಗೆ ಕೇಳಬೇಕಾದದ್ದು ಪದವಿಯಲ್ಲ, ವಾರದ ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗದಲ್ಲಿ ಇಡೀ ವರ್ಷ ಇರಬಲ್ಲಿರಾ ಎಂಬುದನ್ನು. ದೊಡ್ಡವರು ಬಂದು ಹೋಗುತ್ತಾರೆ ಎಂಬುದು ನೊಂದ ಮಗು ಅದಾಗಲೇ ಕಲಿತಿರುವ ಪಾಠ. ಮೂರು ವಾರ ಬಂದು ನಾಲ್ಕನೆಯ ವಾರ ಮಾಯವಾಗುವ ಸ್ವಯಂಸೇವಕರು ಆ ಪಾಠವನ್ನೇ ಗಟ್ಟಿಮಾಡುತ್ತಾರೆ, ಅವರು ಬಾರದಿದ್ದರೇ ಒಳಿತು. ಮೊದಲ ತಿಂಗಳು ಬಹುಶಃ ಯಾರೂ ಹತ್ತಿರ ಸುಳಿಯುವುದಿಲ್ಲ. ಮಕ್ಕಳು ಕಿಟಕಿಯಿಂದ ಇಣುಕಿ ನಗುತ್ತ ಓಡುತ್ತಾರೆ. ಆಮೇಲೆ ಯಾರೋ ಒಬ್ಬರು ಗೆಳೆಯನ ಸಮಸ್ಯೆ ಎಂದು ಹೇಳಿ ತಮ್ಮದನ್ನೇ ಕೇಳುತ್ತಾರೆ, ಉತ್ತರಕ್ಕೂ ಕಾಯದೆ ಎದ್ದು ಹೋಗುತ್ತಾರೆ. ಮುಂದಿನ ವಾರ ಅದೇ ಹೊತ್ತಿಗೆ ಅದೇ ಕುರ್ಚಿಯಲ್ಲಿ ಆ ಹಿರಿಯರು ಇದ್ದಾರೆಯೇ ಎಂದು ದೂರದಿಂದ ನೋಡುತ್ತಾರೆ. ಯಾರೂ ಬಾರದ ಆ ಮಧ್ಯಾಹ್ನಗಳು ವ್ಯರ್ಥವಲ್ಲ. ಮಗು ತನ್ನ ಮಾತನ್ನು ಇಡಲು ಜಾಗ ಗಟ್ಟಿಯಿದೆಯೇ ಎಂದು ಪರೀಕ್ಷಿಸುವುದು ಆಗಲೇ, ಆಪ್ತರ ಕೆಲಸ ನಡೆಯುವುದೂ ಆಗಲೇ.